ನೀಲವ್ವನ ಬೆನ್ನಿಗೊಂದು ಕಣ್ಣು

“ಕಿಟಕಿ ಹಂತೇಕ ಕುಂತಾವಗ ಇನ್ನೊಂದು ರೊಟ್ಟಿ! ಕಟಕ್ ಅಲ್ಲ, ಮೆತ್ತಂದು!”

ಕೂಗಿದವಳು ನೀಲವ್ವ. ಆಕೆ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತಿದ್ದಳು. ಗಿರಾಕಿಗಳು ಊಟಕ್ಕೆ ಕೂರುವ ಹಾಲು ಅವಳ ಬೆನ್ನ ಹಿಂದೆ, ಅದೂ ಗೋಡೆಯಾಚೆ. ಕಿಟಕಿಯಾಗಲಿ, ಅದರ ಪಕ್ಕ ಕೂತವನಾಗಲಿ ಅವಳಿಗೆ ಕಾಣುವಂತಿರಲಿಲ್ಲ. ರೊಟ್ಟಿ ಬೇಕೆಂದು ಯಾರೂ ಹೇಳಿಯೂ ಇರಲಿಲ್ಲ. ಕೂಗಿದ ಮೇಲೆ ತಾನೇ ಬೆಚ್ಚಿಬಿದ್ದು, ತಟ್ಟುತ್ತಿದ್ದ ರೊಟ್ಟಿಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಳು. ಹಿಟ್ಟಿನಲ್ಲಿ ಐದೂ ಬೆರಳು ಮೂಡಿದವು.

ಗೋಡೆಯಾಚೆ, ಹಾಲಿನ ನಡುವೆ ಗಂಗವ್ವ ಬಾಯಿ ತೆರೆದು ನಿಂತಿದ್ದಳು. ಈಗಷ್ಟೇ ಅವಳ ಬಾಯಿಯ ತನಕ ಬಂದಿದ್ದ ಏನೋ ಒಂದು ಜಾರಿ ಹೋಗಿತ್ತು. ಕಿಟಕಿ, ಅಲ್ಲೊಬ್ಬ ಮನುಷ್ಯ, ಅವನಿಗೆ ಏನೋ ಬೇಕು, ಏನು? ಅವಳು ಆ ಏನನ್ನು ಹುಡುಕುತ್ತಿದ್ದಾಗ ಒಳಗಿನಿಂದ ಉತ್ತರ ಕೇಳಿಬಂತು.

“ಅಕೀಗೆ ಹ್ಯಾಂಗ ಗೊತ್ತಾತು?” ಎಂದ ಕಿಟಕಿಯ ಪಕ್ಕದ ಗಿರಾಕಿ, ದಿನವೂ ಬರುವ ವಕೀಲ.

“ನಿನ್ನ ಹೊಟ್ಟಿ ಸಪ್ಪಳ ಅಡಗಿಮನಿತನ ಕೇಳಸ್ತೈತಿ,” ಎಂದಳು ಗಂಗವ್ವ. ಆಮೇಲೆ ಸೆರಗಿನ ಕೆಳಗೆ ಕೈಹಾಕಿ ತಲೆಯ ಮೇಲಿನ ಟೊಪ್ಪಿಗೆಯನ್ನು ಮುಟ್ಟಿ ನೋಡಿಕೊಂಡಳು.

ಮಹಡಿಯ ಮೇಲೆ ಜೋಳದ ಚೀಲಗಳ ನಡುವೆ ಕಂಪ್ಯೂಟರ್ ಪರದೆಯ ಮುಂದೆ ಕೂತಿದ್ದ ಡಾಕ್ಟರ್ ನಿಖತ್ ಕಿತ್ತೂರ, ಕುರ್ಚಿಯಿಂದ ಎದ್ದು, ಮಾಳಿಗೆಯ ತೊಲೆಗೆ ತಲೆ ಹೊಡೆದುಕೊಂಡು, ನೋವಾದದ್ದನ್ನೂ ಮರೆತು, ಮೆಟ್ಟಿಲಿಳಿದು ಓಡಿಬಂದಳು.

“ಅವ್ವಾರ! ಈಗ ಏನಾತು, ಇಬ್ಬರೂ ಹೇಳ್ರಿ!”

“ಏನಾಗೂದೈತಿ? ರೊಟ್ಟಿ ಹಾಳಾತು,” ಎಂದಳು ನೀಲವ್ವ. ಆದರೆ ಅವಳ ಮುಖ ಹಬ್ಬದ ಮುಖವಾಗಿತ್ತು.

ಆ ವೇಳೆಗೆ ಹುಬ್ಬಳ್ಳಿಯಲ್ಲಿ ಆಟೋಗಳು ಡ್ರೈವರಿಲ್ಲದೆ ಓಡಲು ಕಲಿತಿದ್ದವು, ಊಟದ ಹೊತ್ತಿಗೆ ಕೇಶ್ವಾಪುರಕ್ಕೆ ಬರುವುದಿಲ್ಲ ಅನ್ನುವುದನ್ನೂ ಕಲಿತಿದ್ದವು. ಬಹಳ ಸಂಗತಿಗಳು ಬದಲಾಗಿದ್ದರೂ ದುರ್ಗದ ಬೈಲಿನ ಹಿಂದಿನ ಓಣಿಯ ಚನ್ನವೀರಪ್ಪನ ಖಾನಾವಳಿ ಮಾತ್ರ ಹಾಗೇ ಇತ್ತು. ಚನ್ನವೀರಪ್ಪ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಹಾಲು ನಡೆಸುವವಳು ಅವನ ಹೆಂಡತಿ ಗಂಗವ್ವ. ಒಲೆ ನಡೆಸುವವಳು ಅವನ ತಮ್ಮನ ಹೆಂಡತಿ ನೀಲವ್ವ. ಯಾವ ಟೇಬಲ್ಲಿಗೆ ಏನು, ಯಾರಿಗೆ ಖಾರ ಕಡಿಮೆ, ಯಾರಿಗೆ ಒಪ್ಪತ್ತು, ಎಲ್ಲವೂ ಗಂಗವ್ವನ ತಲೆಯಲ್ಲಿ. ಅವಳು ಕೂಗುವಳು, ನೀಲವ್ವ ಕಳಿಸುವಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ದಿನವೆಲ್ಲ ಮಾತಾಡಿಕೊಂಡೇ ಎಪ್ಪತ್ತರ ಹತ್ತಿರ ಬಂದಿದ್ದರು.

ಕಳೆದ ಮಳೆಗಾಲ ಗಂಗವ್ವನಿಗೆ ಮೆದುಳು ಜ್ವರ ಬಂತು. ಜೀವ ಉಳಿಯಿತು, ಕಾಲು ನಿಂತವು, ನಾಲಿಗೆಯೂ ಮೊದಲಿನಷ್ಟೇ ಹರಿತವಾಯಿತು. ಉಳಿಯದೇ ಹೋದದ್ದು ಒಂದೇ, ನೆನಪಿನ ಹಿಡಿತ. ಕೈಯಲ್ಲಿ ನಾಲ್ಕು ಸಂಗತಿ ಹಿಡಿದರೆ ಎರಡು ಬಿದ್ದುಹೋಗುತ್ತಿದ್ದವು. ಸಕ್ಕರೆ ಕಾಯಿಲೆಯ ಮಾಸ್ತರರಿಗೆ ಮೂರು ಸಲ ಹೋಳಿಗೆ ಬಡಿಸಿದಳು. ಮಾಸ್ತರರು ಮೂರನ್ನೂ ತಿಂದು ಆಶೀರ್ವಾದ ಮಾಡಿ ಹೋದರು. ಅದು ನಗುವ ಮಾತಾಯಿತು. ಆದರೆ ದಸರೆಯ ಮರುವಾರ ಶೇಂಗಾ ಆಗದ ಹುಡುಗನ ತಾಟಿಗೆ ಶೇಂಗಾ ಚಟ್ನಿ ಹಾಕಿದಳು. ಅವನ ಗಂಟಲು ಊದಿ, ಆಸ್ಪತ್ರೆಗೆ ಹೊತ್ತೊಯ್ಯಬೇಕಾಯಿತು. ಹುಡುಗ ಎರಡೇ ದಿನಕ್ಕೆ ಎದ್ದು ಬಂದು ಮತ್ತೆ ಅದೇ ಟೇಬಲ್ಲಿಗೆ ಕೂತ. ಆ ದಿನ ಗಂಗವ್ವ ಮಾತ್ರ ಹಾಲಿಗೆ ಬರಲಿಲ್ಲ.

ನೀಲವ್ವನ ಮಗ ಗುರುಸಿದ್ಧ ಕೆಟ್ಟವನಲ್ಲ. ಖಾನಾವಳಿಯ ಲೆಕ್ಕ, ಕಾಯಿಪಲ್ಲೆ, ಜಗಳ ಮೂರನ್ನೂ ನೋಡಿಕೊಳ್ಳುವವನು. ಅವನು ಟೇಬಲ್ಲುಗಳ ಮೇಲೆ ಇಡಲು ಆರ್ಡರ್ ಹಲಗೆಗಳನ್ನು ತರಿಸಿದ. ಗಿರಾಕಿ ಬೇಕಾದದ್ದರ ಮೇಲೆ ಬೆರಳಿಟ್ಟರೆ ಸಾಕು, ಅಡುಗೆಮನೆಯಲ್ಲಿ ಗಂಟೆ ಬಾರಿಸುತ್ತಿತ್ತು.

“ಯುಗಾದಿ ತನಕ ನೋಡೂಣು ದೊಡ್ಡವ್ವ,” ಎಂದ ಅವನು, ನೆಲ ನೋಡುತ್ತ. “ಆಮ್ಯಾಲೆ ನೀ ಆರಾಮ ಮನ್ಯಾಗಿರು.”

ಗಂಗವ್ವನಿಗೆ ಮನೆಯಲ್ಲಿ ಆರಾಮ ಅಂದರೇನೆಂದು ಗೊತ್ತಿರಲಿಲ್ಲ. ಹಾಲಿನ ನಡುವೆ ನಿಂತು ಕೂಗುವುದೊಂದು ಗೊತ್ತಿತ್ತು. ಅದು ಹೋದರೆ ಉಳಿದದ್ದಕ್ಕೆ ಏನು ಹೆಸರೆಂದು ಅವಳು ಯಾರನ್ನೂ ಕೇಳಲಿಲ್ಲ. ಆದರೆ ಆ ವಾರವೇ ನೀಲವ್ವ ಅವಳ ಕೈ ಹಿಡಿದು ಧಾರವಾಡದ ಬಸ್ಸು ಹತ್ತಿಸಿದಳು.

ನಿಖತ್‌ಳ ಪ್ರಯೋಗಾಲಯ ಧಾರವಾಡದಲ್ಲಿತ್ತು. ಕಾಯಿಲೆ ಮತ್ತು ವಯಸ್ಸು ಬುದ್ಧಿಯ ಕೆಲಸವನ್ನು ಹೇಗೆ ಬದಲಿಸುತ್ತವೆ ಎಂಬುದು ಅವಳ ಅಧ್ಯಯನ. ಅವಳ ಅಳತೆಯ ಮಾನ ‘ಎಳೆ’. ಒಂದು ಗಳಿಗೆಯಲ್ಲಿ ಮನಸ್ಸು ಬಿಡದೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳೇ ಎಳೆಗಳು. ಪ್ರಾಯದಲ್ಲಿ ಏಳೋ ಎಂಟೋ ಇರುತ್ತವೆ. ಎಪ್ಪತ್ತರ ಸುಮಾರಿಗೆ ಐದು. ಜ್ವರ ಬಂದು ಹೋದ ತಲೆಯಲ್ಲಿ ಎಷ್ಟೆಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಪರೀಕ್ಷೆ ಮೊದಲ ಪ್ರಶ್ನೆಯಲ್ಲೇ ನಿಂತಿತು.

“ಯಜಮಾನರ ಹೆಸರು ಹೇಳ್ರಿ ಅವ್ವಾರ.”

ಗಂಗವ್ವ ಗೋಡೆ ನೋಡಿ ನಕ್ಕಳು. ಯಂತ್ರ ಕಾಯಿತು, ಆಮೇಲೆ ಸೊನ್ನೆ ಕೊಟ್ಟಿತು.

“ಅಕೀ ಹ್ಯಾಂಗ ಗಂಡನ ಹೆಸರ ಹೇಳ್ತಾಳ್ರಿ?” ಎಂದಳು ಬಾಗಿಲಲ್ಲಿ ಕೂತಿದ್ದ ನೀಲವ್ವ.

“ಹಂಗಾರ ನೀವು ಹೇಳ್ರಿ.”

“ನನಗ ಭಾವ ಆಗಬೇಕಲ್ರಿ! ನಾನೂ ಹೇಳಂಗಿಲ್ಲ.”

“ಮತ್ತ ಯಾರು ಹೇಳ್ತಾರ?”

“ಖಾನಾವಳಿ ಬೋರ್ಡಿನ ಮ್ಯಾಲೆ ಬರದೈತಿ, ಬಂದು ಓದ್ಕೊಳ್ರಿ. ಹಂಗ ಊಟಾನೂ ಮಾಡ್ಕೊಂಡು ಹೋಗ್ರಿ.”

ಎರಡನೆಯ ಪ್ರಶ್ನೆ, ಇವತ್ತು ಯಾವ ವಾರ? ಗಂಗವ್ವ ಹುಬ್ಬು ಗಂಟಿಕ್ಕಿದಳು. ವಾರ ಸಿಗಲಿಲ್ಲ. ಅವಳ ಕುತ್ತಿಗೆ ತಾನಾಗಿಯೇ ಬಾಗಿಲ ಕಡೆ ತಿರುಗಿತು.

“ಹೆಸರುಕಾಳು,” ಎಂದಳು ನೀಲವ್ವ.

“ಹಾಂ, ಬೇಸ್ತವಾರ,” ಎಂದಳು ಗಂಗವ್ವ.

ಉತ್ತರ ಸರಿಯಿತ್ತು. ಖಾನಾವಳಿಯಲ್ಲಿ ಗುರುವಾರ ಹೆಸರುಕಾಳು ಪಲ್ಯ. ನಿಖತ್ ಪೆನ್ನು ಕೆಳಗಿಟ್ಟಳು. ನಿಯಮದ ಪ್ರಕಾರ ನೀಲವ್ವನನ್ನು ಹೊರಗೆ ಕಳಿಸಬೇಕಿತ್ತು, ಕಳಿಸಿದಳು. ಒಂಟಿಯಾಗಿ ಗಂಗವ್ವ ಮೂರು ಎಳೆ ಹಿಡಿದಳು, ಅದೂ ಕಷ್ಟಪಟ್ಟು. ಆಮೇಲೆ ನಿಖತ್ ನಿಯಮ ಮುರಿದು ನೀಲವ್ವನನ್ನು ಒಳಗೆ ಕರೆದಳು. ಮಾತಾಡಬಾರದು, ಸುಮ್ಮನೆ ಕೂತಿರಬೇಕು ಎಂದಳು. ನೀಲವ್ವ ತುಟಿ ಬಿಗಿಹಿಡಿದು ಕೂತಳು, ಆದರೆ ಹುಬ್ಬು, ಕೊರಳು, ಬೆರಳು ಮಾತಾಡುತ್ತಲೇ ಇದ್ದವು. ಗಂಗವ್ವನ ಎಳೆಗಳು ಆರಾದವು.

ತಾನು ಇಷ್ಟು ದಿನ ಒಂದೊಂದೇ ತಲೆಯನ್ನು ಅಳೆದು ಏನು ಅಳೆದೆ ಎಂದು ನಿಖತ್ ಆ ಸಂಜೆ ಚಹಾ ಆರುವ ತನಕ ಯೋಚಿಸಿದಳು.

ಜೋಡಿ ಟೊಪ್ಪಿಗೆಗಳು ಆಗಲೇ ಅವಳ ಕಪಾಟಿನಲ್ಲಿದ್ದವು. ತೆಳು ಹತ್ತಿಯ ಟೊಪ್ಪಿಗೆ, ಒಳಗೆ ಕೂದಲೆಳೆಯಂಥ ತಂತಿಗಳು. ಒಂದು ಮೆದುಳು ಏನನ್ನಾದರೂ ಹಿಡಿದಿಟ್ಟುಕೊಂಡಾಗ ಅದರಲ್ಲಿ ಒಂದು ಸಣ್ಣ ತಾಳ ಹುಟ್ಟುತ್ತದೆ. ಟೊಪ್ಪಿಗೆ ಆ ತಾಳವನ್ನು ಓದಿ ಇನ್ನೊಂದು ಟೊಪ್ಪಿಗೆಗೆ ಕಳಿಸುತ್ತದೆ. ಅದು ತನ್ನ ಕೆಳಗಿನ ತಲೆಯಲ್ಲಿ ಅದೇ ತಾಳವನ್ನು ಮೆಲ್ಲಗೆ ತಟ್ಟುತ್ತದೆ. ಮಾತು ಹೋಗುವುದಿಲ್ಲ, ಚಿತ್ರ ಹೋಗುವುದಿಲ್ಲ. ಏನೋ ಕೈಯಲ್ಲಿದೆ ಎಂಬ ತುರಿಕೆಯಷ್ಟೇ ದಾಟುತ್ತದೆ. ನಿಖತ್ ಇದನ್ನು ಕಾಲೇಜು ಹುಡುಗರ ಜೋಡಿಗಳ ಮೇಲೆ ಇಟ್ಟು ನೋಡಿದ್ದಳು; ತಲೆನೋವು ಬಂತು. ಗಂಡಹೆಂಡಿರ ಜೋಡಿಗಳ ಮೇಲೆ ಇಟ್ಟು ನೋಡಿದ್ದಳು. ಆ ಫಲಿತಾಂಶವನ್ನು ಪ್ರಕಟಿಸಲಿಲ್ಲ. ತುರಿಕೆ ಏನೆಂದು ಅರ್ಥವಾಗಬೇಕಾದರೆ ಎರಡು ತಲೆಗಳೂ ಒಂದೇ ಕೆಲಸದಲ್ಲಿ ಬಹುಕಾಲ ಸವೆದಿರಬೇಕು.

ಟೊಪ್ಪಿಗೆ ನೋಡಿ ನೀಲವ್ವ, “ಇದು ಕೂಸಿನ ಕುಲಾವಿ ಅಲ್ಲೇನ್ರಿ?” ಎಂದಳು. ಅಂದಿನಿಂದ ಅದಕ್ಕೆ ಕುಲಾವಿ ಎಂದೇ ಹೆಸರಾಯಿತು.

ಇಬ್ಬರ ತಲೆಗೂ ಕುಲಾವಿ ಬಂತು, ನಿಖತ್‌ಳ ಪರದೆ ಖಾನಾವಳಿಯ ಮಹಡಿಗೆ ಬಂತು. ಮೊದಲ ದಿನಗಳಲ್ಲಿ ಏನೂ ಆಗಲಿಲ್ಲ. ನೀಲವ್ವನಿಗೆ ಸೀನು ಬರುವ ಹಾಗಾಗಿ ಬರುತ್ತಿರಲಿಲ್ಲ. ಐತವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಾಗ ತಂತಿಗಳೆಲ್ಲ ಜಾರಿ ಕಿವಿಯ ಮೇಲೆ ಬಂದವು. ಎಣ್ಣೆ ಬಿಡಬೇಕೆಂದು ನಿಖತ್ ಹೇಳಿದಳು. “ಬುದ್ಧಿ ಹೋದ್ರ ಹೋಗಲಿ, ಕೂದಲ ಉಳೀಬೇಕು,” ಎಂದು ಇಬ್ಬರೂ ಒಂದೇ ಉಸಿರಿಗೆ ಹೇಳಿದರು. ನಿಖತ್‌ಳೇ ಸೋತು ಎಣ್ಣೆಯ ಮೇಲೂ ಕೂರುವ ತಂತಿ ಹಾಕಿಸಿದಳು. ಗಿರಾಕಿಗಳಿಗೆ ಕಾಣದಿರಲೆಂದು ಗಂಗವ್ವ ಸೆರಗು ಮುಂದಕ್ಕೆ ಎಳೆದುಕೊಂಡಳು. ವಕೀಲನಿಗೆ ಕಂಡೇ ಕಂಡಿತು.

“ಏನ್ ಅವ್ವಾರ, ಈ ವಯಸ್ನ್ಯಾಗ ಟೊಪಗಿ?”

“ತಲ್ಯಾಗ ಏನರ ಇದ್ದಾವ್ರು ಅದನ್ನ ಮುಚ್ಚಿ ಇಟ್ಕೋತಾರೊ. ನಿನಗ ಆ ತ್ರಾಸ ಇಲ್ಲ ಬಿಡು.”

ಆಮೇಲೆ ಒಂದು ಮಧ್ಯಾಹ್ನ ಆ ಮೆತ್ತನೆಯ ರೊಟ್ಟಿ ಬಂತು. ಅದು ಬಂದ ಮೇಲೆ ತಡೆಯೇ ಇರಲಿಲ್ಲ.

ಗಂಗವ್ವನ ಕೈಯಿಂದ ಬಿದ್ದದ್ದನ್ನು ನೀಲವ್ವ ನೆಲ ಮುಟ್ಟುವ ಮೊದಲೇ ಹಿಡಿಯತೊಡಗಿದಳು. ಮೂಲೆಯ ಟೇಬಲ್ಲಿಗೆ ಮೊಸರು ಬೇಕು ಅನ್ನುವುದು ಮರೆತುಹೋಗುವ ಗಳಿಗೆಯಲ್ಲೇ ಅಡುಗೆಮನೆಯ ಕಿಂಡಿಯಲ್ಲಿ ಮೊಸರಿನ ಬಟ್ಟಲು ಬಂದು ಕೂತಿರುತ್ತಿತ್ತು. ಶೇಂಗಾ ಆಗದ ಹುಡುಗ ಬಾಗಿಲಲ್ಲಿ ಕಾಲಿಟ್ಟರೆ ಸಾಕು, ಹಾಲಿನಲ್ಲಿ ಗಂಗವ್ವನ ಎದೆ ಧಸಕ್ಕೆನ್ನುತ್ತಿತ್ತು, ಒಳಗೆ ನೀಲವ್ವ ಶೇಂಗಾ ಚಟ್ನಿಯ ಡಬ್ಬಿಯ ಮುಚ್ಚಳ ಬಿಗಿಯುತ್ತಿದ್ದಳು. ಗುರುಸಿದ್ಧನ ಹಲಗೆಗಳ ಮೇಲೆ ಗಿರಾಕಿಗಳು ಉಪ್ಪಿನಕಾಯಿಯ ಬಟ್ಟಲು ಇಡತೊಡಗಿದರು.

ನೀಲವ್ವನಿಗೆ ಇನ್ನೊಂದು ಲಾಭವೂ ಆಯಿತು. ಮದುವೆಯಾಗಿ ಬಂದಂದಿನಿಂದ ಅವಳು ಗೋಡೆ ನೋಡಿಕೊಂಡೇ ರೊಟ್ಟಿ ತಟ್ಟಿದವಳು. ಯಾರು ಎಲ್ಲಿ ಕೂರುತ್ತಾರೆ, ಯಾರು ಎದ್ದರು, ಎಲ್ಲಿ ಜಾಗ ಖಾಲಿ ಅನ್ನುವುದು ಈಗ ಅವಳ ಬೆನ್ನಿಗೆ ತಿಳಿಯುತ್ತಿತ್ತು. ಬೆಳದಿಂಗಳು ಮೈಮೇಲೆ ಬಿದ್ದಂತೆ, ಎಂದು ಅವಳು ನಿಖತ್‌ಗೆ ವಿವರಿಸಲು ನೋಡಿದಳು. ಆಮೇಲೆ, “ಅಲ್ಲ, ಹಂಗಲ್ಲ. ಬೆನ್ನಿಗೆ ಕಣ್ಣ ಬಂದಾವ ನೋಡ್ರಿ,” ಎಂದಳು. ನಿಖತ್ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಬರೆದುಕೊಂಡಳು.

ಒಮ್ಮೆ ಮನೆಯಲ್ಲಿ ಇಬ್ಬರೂ ಕುಲಾವಿ ತೆಗೆಯುವುದನ್ನು ಮರೆತು ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಇದ್ದಕ್ಕಿದ್ದಂತೆ ನೀಲವ್ವನಿಗೆ ನಗು ಬಂತು.

“ಯಾಕ ನಗತೀ?” ಎಂದಳು ಗಂಗವ್ವ.

“ನೀ ಯಾಕ ನಗಾಕತ್ತೀ?”

“ನಾ ನಗವಲ್ಲೆ. ನಗಬೇಕಂತ ತಡಕೊಂಡು ಕುಂತೀನಿ.”

“ಅದ, ನೀ ತಡದಿದ್ದು ಇಲ್ಲಿ ಬಂತು!”

ಏಕೆ ನಗು ಬಂದಿತ್ತೆಂದು ಇಬ್ಬರಿಗೂ ತಿಳಿಯಲಿಲ್ಲ. ಅವರೆಕಾಯಿ ಚೆಲ್ಲಾಡಿತು. ಗುರುಸಿದ್ಧನ ಹೆಂಡತಿ ಹೊರಗೆ ಬಂದು ನೋಡಿ, ಇವರಿಗೆ ಆರಾಮ ಇಲ್ಲವೆಂದುಕೊಂಡು ನೀರು ತಂದಳು.

ಯುಗಾದಿ ಬಂದು ಹೋಯಿತು. ಹೋಳಿಗೆ ಬಡಿಸುವಾಗ ಗುರುಸಿದ್ಧ ಹಾಲಿನ ಮೂಲೆಯಲ್ಲಿ ನಿಂತು ದೊಡ್ಡವ್ವನನ್ನು ನೋಡಿದ. ಮನೆಯಲ್ಲಿ ಆರಾಮವಾಗಿರುವ ಮಾತನ್ನು ಮತ್ತೆ ಎತ್ತಲಿಲ್ಲ.

ಬೇಸಿಗೆಯ ಹೊತ್ತಿಗೆ ಗಂಗವ್ವ ಹೊಸದೊಂದು ಚಾಳಿ ಕಲಿತಳು. ಹಾಲಿನಲ್ಲಿ ಆರ್ಡರ್ ಕೂಗುತ್ತಿದ್ದವಳು ನಡುವೆ ನಿಂತು, “ನೀಲಾ, ತಿರುವ್ಹಾಕು, ಹೊತ್ತಾಕತ್ತೈತಿ!” ಎನ್ನುವಳು. ಒಳಗೆ ತವೆಯ ಮೇಲೆ ರೊಟ್ಟಿ ನಿಜವಾಗಿಯೂ ಕರ್ರಗಾಗುತ್ತಿರುತ್ತಿತ್ತು. “ಬ್ಯಾಳಿಗೆ ಉಪ್ಪ ಹಾಕೀದಿ, ಮತ್ತ ಹಾಕಬ್ಯಾಡ!” ಎನ್ನುವಳು. ನೀಲವ್ವ ಉಪ್ಪಿನ ಚಮಚ ಹಿಡಿದ ಕೈಯನ್ನು ಹಿಂದಕ್ಕೆ ತೆಗೆಯುತ್ತಿದ್ದಳು. ಗಿರಾಕಿಗಳಿಗೆ ಇದೂ ಒಂದು ತಮಾಷೆಯಾಯಿತು.

ಮಹಡಿಯ ಪರದೆಯ ಮೇಲೆ ಎರಡು ಗೆರೆಗಳಿದ್ದವು, ಹಸಿರು ಗಂಗವ್ವನದು, ಕೆಂಪು ನೀಲವ್ವನದು. ಇಷ್ಟು ದಿನ ಹಿಡಿದಿಡುವ ತಾಳ ಕೆಂಪಿನಿಂದ ಹಸಿರಿಗೆ ಹರಿದು ಬರುತ್ತಿತ್ತು, ಹಿಡಿತ ಇದ್ದವಳಿಂದ ಇಲ್ಲದವಳಿಗೆ. ಈಗ ಅದು ತಿರುಗಿ ಹರಿಯುತ್ತಿರುವುದನ್ನು ನಿಖತ್ ನೋಡಿದಳು. ತಂತಿ ಅದಲುಬದಲಾಗಿದೆ ಎಂದುಕೊಂಡು ಬಿಚ್ಚಿ ಹಾಕಿದಳು. ಮತ್ತೂ ಹಾಗೇ ಹರಿಯಿತು.

ಅವಳು ಇಬ್ಬರನ್ನೂ ಧಾರವಾಡಕ್ಕೆ ಕರೆಸಿ ಬೇರೆಬೇರೆ ಕೋಣೆಯಲ್ಲಿ ಕೂರಿಸಿ, ಕುಲಾವಿ ಇಲ್ಲದೆ ಪರೀಕ್ಷೆ ಮಾಡಿದಳು. ಗಂಡನ ಹೆಸರಿನ ಪ್ರಶ್ನೆಯನ್ನು ತೆಗೆದು, ಇವತ್ತು ಏನು ಪಲ್ಯ ಎಂದು ಕೇಳಿದಳು. ಗಂಗವ್ವ ಆರು ಎಳೆ ಹಿಡಿದಳು, ಒಂಟಿಯಾಗಿ. ಪ್ರಯೋಗದ ಆರಂಭದಲ್ಲಿ ಐದು ಹಿಡಿದಿದ್ದ ನೀಲವ್ವ ಈಗ ಮೂರು ಹಿಡಿದಳು.

ಮರುದಿನ ಊಟದ ಗದ್ದಲ ಮುಗಿದ ಮೇಲೆ ನಾಲ್ವರೂ ಖಾಲಿ ಹಾಲಿನಲ್ಲಿ ತಾಟಿನ ಮುಂದೆ ಕೂತರು. ಗಂಗವ್ವ, ನೀಲವ್ವ ಒಂದು ಬದಿ, ನಿಖತ್, ಗುರುಸಿದ್ಧ ಇನ್ನೊಂದು ಬದಿ. ನಿಖತ್ ಇಬ್ಬರಿಗೂ ಇರುವುದನ್ನು ಇರುವಂತೆ ಹೇಳಿದಳು. ಗಂಗವ್ವನ ತಲೆಯಲ್ಲಿ ಜ್ವರ ಕೆಡಿಸಿದ ದಾರಿಗಳು ಸರಿಯಾಗಿರಲಿಲ್ಲ. ಆದರೆ ಮುಖ್ಯ ರಸ್ತೆ ಅಗೆದಿಟ್ಟಾಗ ಹುಬ್ಬಳ್ಳಿಯವರು ಓಣಿ ಹಿಡಿದು ಹೋಗುವಂತೆ, ದಿನವೂ ಬರುತ್ತಿದ್ದ ತಾಳ ಅವಳ ಮೆದುಳಿಗೆ ಓಣಿಗಳನ್ನು ತೋರಿಸಿತ್ತು. ನೀಲವ್ವನದು ಕಾಯಿಲೆಯಲ್ಲ. ವಯಸ್ಸು, ಅಷ್ಟೇ. ಸ್ವಲ್ಪ ಬೇಗ ಬಂದಿತ್ತು.

ಗುರುಸಿದ್ಧ ಅವ್ವನ ಮುಖ ನೋಡಿದ. ಅವನ ಕೈ ತುತ್ತಿನ ಸಮೇತ ನಿಂತಿತ್ತು.

“ಹಂಗ್ಯಾಕ ನೋಡ್ತೀಯೊ?” ಎಂದಳು ನೀಲವ್ವ. “ವಯಸ್ಸಾದಂಗ ಎಳಿ ಕಡಿಮಿ ಆಗಲಾರದ ಹೆಚ್ಚ ಆಕ್ಕಾವೇನು? ನನಗ ಮೊದಲ ಗೊತ್ತೈತಿ. ಉಪ್ಪ ಹಾಕಿದ್ನೊ ಇಲ್ಲೊ ಅಂತ ಹುಡುಕಿದ್ರ ಅದು ನನ್ನ ಹಂತೇಕ ಇರೂದಿಲ್ಲ, ಅಕ್ಕನ ಕಡೆ ಇರತೈತಿ. ಬರೊಬ್ಬರಿ ಜ್ವಾಕಿ ಮಾಡಿ ಇಟ್ಟಿರತಾಳ.”

“ಗಂಗವ್ವಾರ,” ಎಂದಳು ನಿಖತ್, “ನಿಮಗ ಈಗ ಕುಲಾವಿ ಬೇಕಾಗಿಲ್ಲ. ತಗದು ಇಟ್ರ ಇಡೀ ಹಾಲ್ ನೀವು ಒಬ್ಬರ ನಡಸಬಹುದು, ಜ್ವರ ಬರೂಕಿಂತ ಮೊದಲಿನ ಹಂಗ. ಇಟ್ಕೊಂಡ್ರ ನಿಮ್ಮ ಎಳಿ ಅರ್ಧ ಅಡಗಿಮನಿಗೆ ಹೋಗ್ತಾವ, ನೀಲವ್ವಾರ ಒಲಿ ನಡೀತೈತಿ. ಅವಾಗ ಅರ್ಧ ಹಾಲ್ ಅಷ್ಟ ನಿಮ್ಮ ಕೈಗೆ ಹತ್ತೂದು. ಉಳಿದದ್ದಕ್ಕ ಹಲಗಿ ಇಡಬೇಕಾಕ್ಕೈತಿ. ಸುಳ್ಳ ಹೇಳೂದಿಲ್ಲ ನಾನು.”

“ಹೌದು ದೊಡ್ಡವ್ವ,” ಎಂದ ಗುರುಸಿದ್ಧ. ಅವನ ದನಿ ಸಣ್ಣದಾಗಿತ್ತು. “ಹಾಲ್ ನಿಂದ. ನಿನಗ ಬೇಕಾದಷ್ಟು ದಿವಸ. ನಾ ಅಂದದ್ದನ್ನ ಮರತ ಬಿಡು. ಒಲಿಗೆ ಬ್ಯಾರೆ ಹೆಣ್ಣಮಗಳನ್ನ ಹಚ್ಚತೀನಿ.”

ಗಂಗವ್ವ ಹಾಲನ್ನು ಒಮ್ಮೆ ನೋಡಿದಳು. ಕಿಟಕಿಯ ಟೇಬಲ್ಲು, ಮೂಲೆಯ ಟೇಬಲ್ಲು, ಬಾಗಿಲ ಪಕ್ಕದ ಉದ್ದ ಬೆಂಚು. ಎಲ್ಲವೂ ಅವಳ ತಲೆಯಲ್ಲಿ ತಮ್ಮತಮ್ಮ ಜಾಗದಲ್ಲಿ ಕದಲದೆ ಕೂತಿದ್ದವು. ಕಳೆದ ದಸರೆಯ ನಂತರ ಅವಳು ಬೇಡಿಕೊಂಡದ್ದು ಇದನ್ನೇ.

ನೀಲವ್ವ ಕೈ ತೊಳೆದು ಬಂದು ಅವಳ ಹಿಂದೆ ನಿಂತಳು. ಸೆರಗು ಸರಿಸಿ ಕುಲಾವಿಯ ಕಸೆಯ ಗಂಟಿಗೆ ಬೆರಳು ಹಾಕಿದಳು.

“ತಗೀತೀನಿ ತಡಿ ಅಕ್ಕಾ. ನಾ ಇಷ್ಟ ದಿವಸ ಬೆನ್ನಲೆ ನೋಡೀನಿ, ಸಾಕು. ಇನ್ನ ಅಲ್ಲಿ ಬೆಂಚಿನ ಮ್ಯಾಲೆ ಕುಂತು ಕಣ್ಣಲೆ ನೋಡ್ತೀನಿ. ಆ ವಕೀಲ ಹ್ಯಾಂಗ ಅದಾನ ಅಂತ ನೋಡಬೇಕು ನಾನು. ನಿನ್ನ ಎಳಿ ನೀ ಇಟ್ಕೊ.”

“ಗಂಟ ಬಿಡು,” ಎಂದಳು ಗಂಗವ್ವ.

“ಬಿಚ್ಚಾಕತ್ತೀನಿ.”

“ಬಿಚ್ಚು ಅನ್ನಲಿಲ್ಲ ನಾ. ಕೈ ಬಿಡು ಅಂದೆ.”

ನೀಲವ್ವನ ಬೆರಳು ಗಂಟಿನ ಮೇಲೆಯೇ ನಿಂತಿತು. “ಅಕ್ಕಾ, ಡಾಕ್ಟರ ಹೇಳಿದ್ದು ಕೇಳಿಲ್ಲೇನು? ಇಡೀ ಹಾಲ್ ನಿಂದ ಆಕ್ಕೈತಿ. ಹಠ ಮಾಡಬ್ಯಾಡ, ತಗದ ಕೊಡು.”

ಗಂಗವ್ವ ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿದು, ಎಣ್ಣೆಗಾಯಿಯಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡು, ಅಗಿದು ನುಂಗಿದಳು.

“ತಗಿಯೂದಿಲ್ಲ,” ಎಂದಳು.